ಐಹೊಳೆಯ ಶಾಸನದಲ್ಲಿ ಎರಡು ಕಾಲಗಣನೆಗಳು

೧

ಚರಿತ್ರೆಯ ಒಂದು ಘಟನೆಯ ವರ್ಷವನ್ನು ತಿಳಿದೊಡನೆ ನಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆ, ಅದು ನಡೆದು ಎಷ್ಟು ವರ್ಷಗಳಾದುವು ಎಂಬುದು. ಪ್ರಶ್ನೆ ಸುಲಭವಾದುದೆಂದೇ ತೋರುತ್ತದೆ. ಇಂದಿನ ವರ್ಷದ ಅಂಕೆಯಿಂದ ಅಂದಿನ ವರ್ಷದ ಅಂಕೆಯನ್ನು ಕಳೆದರೆ ಉತ್ತರ ಬಂದೀತೆಂದು ನಾವು ನಂಬುತ್ತೇವೆ. ಆದರೆ ಹಾಗೆ ಕಳೆಯುವುದಕ್ಕೆ ಮುಂಚೆ ತಿಳಿಯಬೇಕಾದ ಸಂಗತಿಗಳು ಹಲವಿವೆ. ಆ ಎರಡು ಅಂಕೆಗಳು ಒಂದೇ ಗಣನೆಗೆ ಸೇರಿದವೇ? ಅವು ತುಂಬಿದ ವರ್ಷಗಳೇ, ನಡೆಯುತ್ತಿರುವ ವರ್ಷಗಳೇ? ವರ್ಷದ ಮೊದಲು ಯಾವ ದಿನ? ಎಲ್ಲಕ್ಕಿಂತ ಮುಖ್ಯವಾಗಿ, ಅಂದಿನ ಅಂಕೆಯನ್ನು ನಮಗೆ ಹೇಳಿದವನು ಆ ಕಾಲದಲ್ಲಿ ಇದ್ದವನೇ, ಅಥವಾ ಬಹುಕಾಲದ ಮೇಲೆ ಲೆಕ್ಕ ಹಾಕಿ ಹೇಳಿದವನೇ?

ಈ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಇಟ್ಟು ಪರೀಕ್ಷಿಸಲು ನಮ್ಮ ನಾಡಿನಲ್ಲಿಯೇ ಅತ್ಯುತ್ತಮವಾದ ಆಧಾರವೊಂದಿದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಊರಿನ ಮಗ್ಗುಲ ಗುಡ್ಡದ ನೆತ್ತಿಯ ಮೇಲಿರುವ ಮೇಗುತಿ ಎಂಬ ಜಿನಾಲಯದ ಪೂರ್ವದ ಗೋಡೆಯಲ್ಲಿ ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಿಕೇಶಿಯ ಪ್ರಶಸ್ತಿಯನ್ನು ಕೊರೆಯಲಾಗಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಹತ್ತೊಂಬತ್ತು ಸಾಲುಗಳಲ್ಲಿ ಮೂವತ್ತೇಳು ಪದ್ಯಗಳಿವೆ. ರಚಿಸಿದ ರವಿಕೀರ್ತಿಯೇ ಆ ಕಲ್ಲಿನ ಜಿನಾಲಯವನ್ನು ಕಟ್ಟಿಸಿದವನು. ತನ್ನ ಕವಿತಾಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮವೆಂದು ಅವನು ಹೇಳಿಕೊಂಡಿರುವುದರಿಂದ ಸಾಹಿತ್ಯಚರಿತ್ರೆಗೂ ಈ ಶಾಸನ ಅಮೂಲ್ಯವಾಗಿದೆ. ೧೮೭೨ರಲ್ಲಿ ಮುಂಬಯಿಯಲ್ಲಿ ಹುಟ್ಟಿದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಫ್ಲೀಟ್ ಮಹಾಶಯರು ಇದನ್ನು ಪ್ರಕಟಿಸಿದರು. ಅನಂತರ 'ಎಪಿಗ್ರಾಫಿಯಾ ಇಂಡಿಕಾ'ದ ಆರನೆಯ ಸಂಪುಟದಲ್ಲಿ ಕೀಲ್‌ಹಾರ್ನ್ ಪಂಡಿತರು ಇದನ್ನು ಪರಿಷ್ಕರಿಸಿದರು.

ಶಾಸನದ ಕೊನೆಯ ಭಾಗದಲ್ಲಿ ರವಿಕೀರ್ತಿ ತನ್ನ ಕಾಲವನ್ನು ಒಂದಲ್ಲ, ಎರಡು ಬಗೆಯಲ್ಲಿ ಹೇಳಿದ್ದಾನೆ. ಭಾರತಯುದ್ಧದಿಂದ ಈಚೆಗೆ ೩೭೩೫ ವರ್ಷಗಳು ಕಳೆದಿವೆ ಎಂಬುದು ಒಂದು. ಕಲಿಕಾಲದಲ್ಲಿ ಶಕನೃಪರ ೫೫೬ ವರ್ಷಗಳು ಕಳೆದಿವೆ ಎಂಬುದು ಇನ್ನೊಂದು. ಈ ಎರಡು ಸಂಖ್ಯೆಗಳು ಒಂದೇ ಕೈಯಿಂದ ಒಂದೇ ಕಲ್ಲಿನ ಮೇಲೆ ಬಂದಿವೆ. ಆದುದರಿಂದ ಒಂದನ್ನು ನಂಬಿದವರು ಇನ್ನೊಂದನ್ನೂ ನಂಬಲೇಬೇಕೆಂದು ಹೇಳುವವರುಂಟು. ಮಹಾಭಾರತಯುದ್ಧ ಕ್ರಿ.ಪೂ. ೩೧೦೨ರಲ್ಲಿ ನಡೆಯಿತೆಂಬುದಕ್ಕೆ ಕಲ್ಲಿನ ಸಾಕ್ಷ್ಯವೇ ಇದೆಯೆಂದು ಅನೇಕ ಸಭೆಗಳಲ್ಲಿ ಹೇಳಲಾಗುವುದು ಈ ಶಾಸನವನ್ನು ಮುಂದಿಟ್ಟುಕೊಂಡೇ. ಈ ಎರಡು ಗಣನೆಗಳಿಗೂ ಒಂದೇ ತೂಕವಿದೆಯೇ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಕಗಣನೆಯನ್ನು ನೋಡೋಣ. ರವಿಕೀರ್ತಿ ಹೇಳುವುದು ೫೫೬ ವರ್ಷಗಳು 'ಕಳೆದಿವೆ' ಎಂದು. ಈ ಒಂದು ಮಾತಿನ ಬೆಲೆ ದೊಡ್ಡದು. ನಮ್ಮ ಮನೆಗಳಲ್ಲಿ ಮಗುವಿನ ವಯಸ್ಸನ್ನು ಹೇಳುವಾಗ, ಐದು ತುಂಬಿ ಆರರಲ್ಲಿ ನಡೆಯುತ್ತಿದೆ ಎನ್ನುವುದುಂಟು. ಅದೇ ಮಗುವನ್ನು ಐದು ವರ್ಷದ್ದೆಂದರೂ ಸರಿ, ಆರನೆಯ ವರ್ಷದ್ದೆಂದರೂ ಸರಿ. ಆದರೆ ಯಾವ ಅರ್ಥದಲ್ಲಿ ಹೇಳಿದೆವೆಂಬುದು ಸ್ಪಷ್ಟವಾಗಿರಬೇಕು. ಶಾಸನಗಳ ವರ್ಷಗಳೂ ಹೀಗೆಯೇ. ತುಂಬಿದ ವರ್ಷವನ್ನು ಗತವರ್ಷವೆಂದೂ, ನಡೆಯುವ ವರ್ಷವನ್ನು ವರ್ತಮಾನವರ್ಷವೆಂದೂ ಜ್ಯೋತಿಷಿಗಳು ಕರೆಯುತ್ತಾರೆ. ರವಿಕೀರ್ತಿ ಬರೆದಾಗ ಶಕದ ೫೫೬ ವರ್ಷಗಳು ತುಂಬಿ ೫೫೭ನೆಯದು ನಡೆಯುತ್ತಿತ್ತು.

ಕ್ರಿಸ್ತವರ್ಷದ ಕ್ರಮ ಇದಕ್ಕೆ ವಿರುದ್ಧವಾದುದು. ಕ್ರಿ.ಶ. ೬೩೪ ಎಂದರೆ ೬೩೪ ವರ್ಷ ತುಂಬಿತೆಂದಲ್ಲ, ೬೩೪ನೆಯದು ನಡೆಯುತ್ತಿದೆಯೆಂದು. ಒಂದು ಗಣನೆ ತುಂಬಿದುದನ್ನೂ ಇನ್ನೊಂದು ನಡೆಯುವುದನ್ನೂ ಎಣಿಸುವುದರಿಂದ, ಇವೆರಡರ ನಡುವೆ ಅಂಕೆಗಳನ್ನು ಬದಲಾಯಿಸುವಾಗ ಒಂದು ವರ್ಷ ಆಚೀಚೆ ಆಗುವುದು ಸುಲಭ. ಗತಶಕಕ್ಕೆ ೭೮ನ್ನು ಕೂಡಿದರೆ, ಆ ಶಕವರ್ಷದ ಚೈತ್ರಮಾಸ ಯಾವ ಕ್ರಿಸ್ತವರ್ಷದಲ್ಲಿ ಬಂದಿತೋ ಆ ವರ್ಷ ದೊರೆಯುತ್ತದೆ. ೫೫೬ಕ್ಕೆ ೭೮ ಸೇರಿದರೆ ೬೩೪. ಆದರೆ ಚೈತ್ರದಿಂದ ಮೊದಲಾದ ವರ್ಷ ಜನವರಿಯಲ್ಲಿ ಮುಗಿಯುವುದಿಲ್ಲ. ಅದರ ಕೊನೆಯ ತಿಂಗಳುಗಳು ಮುಂದಿನ ಕ್ರಿಸ್ತವರ್ಷಕ್ಕೆ ಬೀಳುತ್ತವೆ. ಶಾಸನದಲ್ಲಿ ಮಾಸ, ತಿಥಿ, ವಾರಗಳ ಉಲ್ಲೇಖವಿಲ್ಲ. ಆದಕಾರಣ ವಿದ್ವಾಂಸರು ಇದರ ಕಾಲವನ್ನು ಕ್ರಿ.ಶ. ೬೩೪-೩೫ ಎಂದು ಜೋಡಿಯಾಗಿ ಬರೆಯುತ್ತಾರೆ. ಬರಿಯ ೬೩೪ ಎನ್ನುವುದು ಸೌಕರ್ಯಕ್ಕಾಗಿ ಮಾಡಿಕೊಂಡ ಸಂಕ್ಷೇಪ.

ಶಕಗಣನೆ ಚಾಲುಕ್ಯರ ಆಸ್ಥಾನದಲ್ಲಿ ಅಂದು ಹೊಸತೇನೂ ಆಗಿರಲಿಲ್ಲ. ಮೊದಲನೆಯ ಪುಲಿಕೇಶಿ ಬಾದಾಮಿಯ ಬೆಟ್ಟವನ್ನು ಕೋಟೆಯನ್ನಾಗಿ ಮಾಡಿದುದನ್ನು ತಿಳಿಸುವ ಬಂಡೆಗಲ್ಲಿನ ಶಾಸನ ಶಕ ೪೬೫ರದು, ಎಂದರೆ ಕ್ರಿ.ಶ. ೫೪೩-೪೪ರದು. ಬಾದಾಮಿಯ ಮೂರನೆಯ ಗುಹಾಲಯದಲ್ಲಿರುವ ಮಂಗಳೇಶನ ಶಾಸನ ಶಕರಾಜನ ಪಟ್ಟಾಭಿಷೇಕದಿಂದ ಐದುನೂರು ವರ್ಷ ಕಳೆದುವೆಂದು ಹೇಳುತ್ತ, ಅದೇ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷವೆಂದೂ ತಿಳಿಸುತ್ತದೆ. ಹೀಗೆ ಶಕವರ್ಷವೂ ಆಳ್ವಿಕೆಯ ವರ್ಷವೂ ಒಂದರೊಡನೊಂದು ಹೆಣೆದುಕೊಂಡು, ತಂದೆಯಿಂದ ಮಗನ ಕಾಲಕ್ಕೆ ಸರಪಣಿಯಂತೆ ಸಾಗಿಬಂದಿವೆ. ಐಹೊಳೆಯ ೫೫೬ ಆ ಸರಪಣಿಯ ಒಂದು ಕೊಂಡಿ. ಅದನ್ನು ಬರೆಸಿದವರು ತಮ್ಮ ಕಣ್ಣೆದುರಿನ ವರ್ಷವನ್ನು ಬರೆಸಿದರು. ಅವರ ಅಕ್ಕಪಕ್ಕದ ಶಾಸನಗಳು ಅದನ್ನು ತಾಳೆ ನೋಡಲು ನಮಗೆ ಒದಗುತ್ತವೆ.

೩

ಇನ್ನು ಎರಡನೆಯ ಸಂಖ್ಯೆ. ೩೭೩೫ರಿಂದ ೫೫೬ನ್ನು ಕಳೆದರೆ ೩೧೭೯ ಉಳಿಯುತ್ತದೆ. ಪಂಚಾಂಗದ ಪರಿಚಯವುಳ್ಳವರಿಗೆ ಈ ಸಂಖ್ಯೆ ಹೊಸದಲ್ಲ. ಶಕ ಪ್ರಾರಂಭವಾಗುವಾಗ ಕಲಿಯುಗದಲ್ಲಿ ೩೧೭೯ ವರ್ಷಗಳು ಕಳೆದಿದ್ದುವೆಂಬುದು ನಮ್ಮ ಜ್ಯೋತಿಷಿಗಳೆಲ್ಲರೂ ಬಳಸುವ ಅಂತರ. ಗತಶಕಕ್ಕೆ ಅದನ್ನು ಕೂಡಿದರೆ ಗತಕಲಿ ಬರುತ್ತದೆ. ಹಾಗಾದರೆ ರವಿಕೀರ್ತಿಯ ೩೭೩೫, ಗತಕಲಿಯಲ್ಲದೆ ಬೇರೆಯಲ್ಲ. ಕಲಿಯುಗದ ಮೊದಲನ್ನೇ ಅವನು ಭಾರತಯುದ್ಧದ ಕಾಲವೆಂದು ಇಟ್ಟುಕೊಂಡಿದ್ದಾನೆ.

ಇದರಿಂದ ಒಂದು ಮುಖ್ಯವಾದ ಸಂಗತಿ ಹೊರಡುತ್ತದೆ. ಶಾಸನದ ಎರಡು ಸಂಖ್ಯೆಗಳು ಎರಡು ಸ್ವತಂತ್ರ ಸಾಕ್ಷಿಗಳಲ್ಲ. ಒಂದು ಗೊತ್ತಿದ್ದವನಿಗೆ ಇನ್ನೊಂದನ್ನು ಕೂಡಿ ಪಡೆಯಲು ಒಂದು ನಿಮಿಷ ಸಾಕು. ಕುರುಕ್ಷೇತ್ರದಿಂದ ಬಾದಾಮಿಯವರೆಗೆ ತಲೆಮಾರಿನಿಂದ ತಲೆಮಾರಿಗೆ ಯಾರೋ ವರ್ಷಗಳನ್ನು ಎಣಿಸುತ್ತ ಬಂದು, ೩೭೩೫ನೆಯ ಗೆರೆಯನ್ನು ರವಿಕೀರ್ತಿಯ ಕಾಲದಲ್ಲಿ ಎಳೆದರೆಂದು ಇದು ತೋರಿಸುವುದಿಲ್ಲ. ಅಂಥ ಎಣಿಕೆ ನಡೆದುಬಂದಿದ್ದರೆ ನಡುವಣ ಕಾಲದ ದಾಖಲೆಗಳಲ್ಲಿ ಅದರ ಗುರುತು ಸಿಕ್ಕಬೇಕಾಗಿತ್ತು. ಅಶೋಕನ ಶಾಸನಗಳು ಅವನ ಪಟ್ಟಾಭಿಷೇಕದಿಂದ ವರ್ಷಗಳನ್ನು ಎಣಿಸುತ್ತವೆ. ಗುಪ್ತ ಸಾಮ್ರಾಟರು ತಮ್ಮದೇ ಶಕೆಯನ್ನು ಬಳಸಿದರು. ಅವರಲ್ಲಿ ಯಾರೂ ಭಾರತಯುದ್ಧದಿಂದ ಇಷ್ಟನೆಯ ವರ್ಷವೆಂದು ಬರೆಸಿದವರಲ್ಲ.

ಕಲಿಗಣನೆಯ ತವರು ರಾಜರ ದಫ್ತರವಲ್ಲ, ಜ್ಯೋತಿಷಿಗಳ ಗಣಿತ. ಆರ್ಯಭಟನು ತನ್ನ ಗ್ರಂಥದಲ್ಲಿ, ಕಲಿಯುಗದ ೩೬೦೦ ವರ್ಷಗಳು ಕಳೆದಾಗ ತನಗೆ ಇಪ್ಪತ್ತಮೂರು ವರ್ಷವಾಗಿತ್ತೆಂದು ಹೇಳಿದ್ದಾನೆ. ಅದು ಕ್ರಿ.ಶ. ೪೯೯. ಅಲ್ಲಿಂದ ೧೩೫ ವರ್ಷ ಮುಂದೆ ಬಂದರೆ ೩೭೩೫, ಎಂದರೆ ಕ್ರಿ.ಶ. ೬೩೪. ರವಿಕೀರ್ತಿಯ ಲೆಕ್ಕಕ್ಕೂ ಆರ್ಯಭಟನ ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕಲಿಯ ಆರಂಭವನ್ನು ಭಾರತದ ಪ್ರಸಂಗದೊಡನೆ ಸೇರಿಸುವುದನ್ನೂ ಆರ್ಯಭಟನಲ್ಲಿ ಆಗಲೇ ಕಾಣುತ್ತೇವೆ. ಸೂರ್ಯಚಂದ್ರರೂ ಗ್ರಹಗಳೂ ರಾಶಿಚಕ್ರದ ಮೊದಲ ಬಿಂದುವಿನಲ್ಲಿ ಕೂಡಿದ್ದ ಒಂದು ಗಳಿಗೆಯಿಂದ ಗಣಿತವನ್ನು ಆರಂಭಿಸಿದರೆ ಲೆಕ್ಕಕ್ಕೆ ಅನುಕೂಲವಾಗುತ್ತದೆ. ಅದಕ್ಕಾಗಿ ತಮ್ಮ ಕಾಲದ ಗ್ರಹಗತಿಗಳಿಂದ ಹಿಂದಕ್ಕೆ ಎಣಿಸುತ್ತ ಹೋಗಿ, ಕ್ರಿ.ಪೂ. ೩೧೦೨ರ ಫೆಬ್ರುವರಿ ೧೮ಕ್ಕೆ ಸಿದ್ಧಾಂತಕಾರರು ಮುಟ್ಟಿದರು. ಆಧುನಿಕ ಗಣಿತದಿಂದ ನೋಡಿದರೆ ಆ ದಿನ ಗ್ರಹಗಳು ಒಂದೇ ಬಿಂದುವಿನಲ್ಲಿರಲಿಲ್ಲ. ಕಲಿಗಣನೆ ಜ್ಯೋತಿಷಿಗಳ ನಿರ್ಮಾಣವೆಂದು ಫ್ಲೀಟ್ ಅವರು ೧೯೧೧ರಲ್ಲಿಯೇ ವಿಸ್ತಾರವಾಗಿ ವಾದಿಸಿದ್ದರು.

ಇಲ್ಲಿ ಒಂದು ಚಿಕ್ಕ ಎಚ್ಚರವನ್ನೂ ಹೇಳಬೇಕು. ೩೭೩೫ರಿಂದ ೬೩೪ನ್ನು ಕಳೆದರೆ ಬರುವುದು ೩೧೦೧. ಆದರೆ ಪುಸ್ತಕಗಳಲ್ಲಿ ಕ್ರಿ.ಪೂ. ೩೧೦೨ ಎಂದಿರುತ್ತದೆ. ಇದು ಅಚ್ಚಿನ ದೋಷವಲ್ಲ. ಕ್ರಿ.ಪೂ. ೧ನೆಯ ವರ್ಷದ ಮರುವರ್ಷವೇ ಕ್ರಿ.ಶ. ೧, ನಡುವೆ ಸೊನ್ನೆಯ ವರ್ಷವೊಂದಿಲ್ಲ. ಆದುದರಿಂದ ಆ ಗಡಿಯನ್ನು ದಾಟುವ ಲೆಕ್ಕದಲ್ಲೆಲ್ಲ ಒಂದನ್ನು ಸರಿಹೊಂದಿಸಿಕೊಳ್ಳಬೇಕಾಗುತ್ತದೆ.

೪

ರವಿಕೀರ್ತಿ ಹೇಳಿದ ಅಂತರವೇ ನಮ್ಮ ಹಿರಿಯರ ಏಕಾಭಿಪ್ರಾಯವಾಗಿತ್ತೆಂದು ತಿಳಿಯುವುದೂ ಸರಿಯಲ್ಲ. ಅವನಿಗಿಂತ ಸುಮಾರು ಒಂದು ಶತಮಾನ ಹಿಂದಿನ ವರಾಹಮಿಹಿರನು ವೃದ್ಧಗರ್ಗನ ಮತವನ್ನು ಅನುಸರಿಸಿ, ಯುಧಿಷ್ಠಿರನ ಕಾಲಕ್ಕೂ ಶಕಕಾಲಕ್ಕೂ ೨೫೨೬ ವರ್ಷಗಳ ಅಂತರವನ್ನು ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ಅದರಂತೆ ಯುಧಿಷ್ಠಿರನ ಕಾಲ ಕ್ರಿ.ಪೂ. ೨೪೪೯. ಐಹೊಳೆಯ ಶಾಸನವನ್ನು ವರಾಹಮಿಹಿರನ ಮತದವನೊಬ್ಬ ಬರೆದಿದ್ದರೆ ಅಲ್ಲಿ ೩೭೩೫ರ ಬದಲು ೩೦೮೨ ಎಂದಿರುತ್ತಿತ್ತು. ಎರಡಕ್ಕೂ ವ್ಯತ್ಯಾಸ ೬೫೩ ವರ್ಷ.

ಕಾಶ್ಮೀರದ ಕಲ್ಹಣನು ಶಕ ೧೦೭೦ರಲ್ಲಿ ರಾಜತರಂಗಿಣಿಯನ್ನು ಬರೆಯುವಾಗ ಈ ವರಾಹಮಿಹಿರನ ಗಣನೆಯನ್ನೇ ಒಪ್ಪಿದ್ದಾನೆ. ಕಲಿಯುಗದಲ್ಲಿ ೬೫೩ ವರ್ಷಗಳು ಕಳೆದ ಮೇಲೆ ಕುರುಪಾಂಡವರು ಇದ್ದರೆಂದು ಅವನ ನಿರ್ಣಯ. ಅಷ್ಟಕ್ಕೆ ನಿಲ್ಲದೆ, ಭಾರತಯುದ್ಧ ದ್ವಾಪರದ ಕೊನೆಯಲ್ಲಿ ನಡೆಯಿತೆಂಬ ಮಾತಿಗೆ ಮರುಳಾಗಿ ಕೆಲವರು ಕಾಲಸಂಖ್ಯೆಯನ್ನು ತಪ್ಪಾಗಿ ಹೇಳಿದರೆಂದೂ ಅವನು ಆಕ್ಷೇಪಿಸುತ್ತಾನೆ. ನಮ್ಮ ರವಿಕೀರ್ತಿ ಹಿಡಿದ ದಾರಿಯನ್ನೇ ಹನ್ನೆರಡನೆಯ ಶತಮಾನದ ಭಾರತೀಯ ಇತಿಹಾಸಕಾರನೊಬ್ಬ ಪ್ರಶ್ನಿಸಿದ್ದಾನೆಂಬುದು ಗಮನಾರ್ಹ. ಈ ಗಣನೆಯನ್ನು ಸಂದೇಹಿಸುವುದು ಪಾಶ್ಚಾತ್ಯ ವಿದ್ವಾಂಸರು ಕಲಿಸಿಕೊಟ್ಟ ಪಾಠವೆಂದು ಹೇಳುವವರು ಕಲ್ಹಣನನ್ನು ನೆನೆಯುವುದು ಒಳ್ಳೆಯದು.

ಪುರಾಣಗಳ ಸಂಪ್ರದಾಯ ಇನ್ನೂ ಬೇರೆ. ಶ್ರೀಕೃಷ್ಣನು ಭೂಮಿಯನ್ನು ಬಿಟ್ಟುಹೋದಾಗ ಕಲಿಯುಗ ಕಾಲಿಟ್ಟಿತೆಂದು ಅವು ಹೇಳುತ್ತವೆ; ಮೌಸಲಪರ್ವದ ಪ್ರಕಾರ ಆ ಅವಸಾನ ಯುದ್ಧದಿಂದ ಮೂವತ್ತಾರನೆಯ ವರ್ಷದಲ್ಲಿ. ಈ ಕಥೆಯನ್ನು ಅಕ್ಷರಶಃ ಹಿಡಿದರೆ ಯುದ್ಧ ಕಲಿಯ ಆರಂಭಕ್ಕಿಂತ ಮೂವತ್ತಾರು ವರ್ಷ ಮೊದಲೇ ಮುಗಿದಿರಬೇಕು. ರವಿಕೀರ್ತಿಯ ಅಂಕೆ ಅದಕ್ಕೂ ಹೊಂದುವುದಿಲ್ಲ. ಪರೀಕ್ಷಿತನ ಜನನದಿಂದ ಮಹಾಪದ್ಮನಂದನ ಅಭಿಷೇಕದವರೆಗಿನ ಅಂತರವನ್ನು ಪುರಾಣಗಳ ಬೇರೆ ಬೇರೆ ಪಾಠಗಳು ೧೦೧೫, ೧೦೫೦, ೧೧೧೫, ೧೫೦೦ ಎಂದು ನಾನಾ ವಿಧವಾಗಿ ಕೊಡುತ್ತವೆ. ನಂದರ ಕಾಲ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನವಾದುದರಿಂದ, ಇವುಗಳಲ್ಲಿ ಮೊದಲ ಮೂರನ್ನು ಒಪ್ಪಿದರೆ ಯುದ್ಧ ಕ್ರಿಸ್ತಪೂರ್ವ ಹದಿನಾಲ್ಕು-ಹದಿನೈದನೆಯ ಶತಮಾನಗಳಿಗೆ ಬರುತ್ತದೆ. ರಾಜವಂಶಾವಳಿಗಳ ತಲೆಮಾರುಗಳನ್ನು ಎಣಿಸಿ ಪಾರ್ಗಿಟರ್ ಅವರು ಕ್ರಿ.ಪೂ. ೯೫೦ರ ಸುಮಾರಿಗೆ ಬಂದು ನಿಂತರು. ೧೯೫೦ರಿಂದ ೧೯೫೨ರವರೆಗೆ ಹಸ್ತಿನಾಪುರದಲ್ಲಿ ಉತ್ಖನನ ನಡೆಸಿದ ಬಿ. ಬಿ. ಲಾಲ್ ಅವರು ಚಿತ್ರಿತ ಬೂದುಬಣ್ಣದ ಮಡಕೆಗಳ ಜನವಸತಿಯನ್ನೂ, ಅದನ್ನು ಕೊಚ್ಚಿದ ಗಂಗೆಯ ಪ್ರವಾಹದ ಗುರುತನ್ನೂ ಕಂಡು, ಮಹಾಭಾರತದ ಮೂಲಕಥೆಯನ್ನು ಆ ಕಾಲಕ್ಕೆ ಸಂಬಂಧಿಸಿದರು. ಅದೂ ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ಆರಂಭದ ಶತಮಾನಗಳದು. ಅಗೆತದಲ್ಲಿ ದೊರೆಯುವುದು ಊರಿನ ಕುರುಹು. ಯುದ್ಧದ ವರ್ಷವನ್ನು ಮಡಕೆಯ ಚೂರು ಹೇಳಲಾರದು.

ಒಂದೇ ಘಟನೆಗೆ ಹೀಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಅಂತರವುಳ್ಳ ಉತ್ತರಗಳು ಇರುವಾಗ, ಅವುಗಳಲ್ಲಿ ಒಂದು ಕಲ್ಲಿನ ಮೇಲೆ ಇದೆಯೆಂಬ ಮಾತ್ರಕ್ಕೆ ಅದಕ್ಕೆ ಹೆಚ್ಚಿನ ಪ್ರಾಮಾಣ್ಯ ಬಾರದು. ಕಲ್ಲು ಅಕ್ಷರವನ್ನು ಕೆಡದಂತೆ ಕಾಪಾಡುತ್ತದೆ. ಬರೆದವನಿಗೆ ತಿಳಿದಿದ್ದುದಕ್ಕಿಂತ ಹೆಚ್ಚನ್ನು ಅದು ತಿಳಿಸದು. ಕ್ರಿ.ಶ. ೬೩೪-೩೫ರಲ್ಲಿ ಬಾದಾಮಿಯ ವಿದ್ವಜ್ಜನರು ಕಲಿಗಣನೆಯನ್ನು ಬಲ್ಲವರಾಗಿದ್ದರು, ಕಲಿಯ ಆರಂಭವನ್ನು ಭಾರತಯುದ್ಧದೊಡನೆ ಒಂದುಗೂಡಿಸಿದ್ದರು, ಉತ್ತರದಲ್ಲಿ ರೂಪುಗೊಂಡ ಜ್ಯೋತಿಷಶಾಸ್ತ್ರ ನೂರಮೂವತ್ತೈದು ವರ್ಷಗಳೊಳಗೆ ಮಲಪ್ರಭೆಯ ದಂಡೆಯ ಕವಿಗೂ ತಲುಪಿತ್ತು — ಇವಿಷ್ಟಕ್ಕೆ ಆ ೩೭೩೫ ನಿರ್ವಿವಾದವಾದ ಸಾಕ್ಷ್ಯ. ಕನ್ನಡನಾಡಿನ ವಿದ್ಯೆಯ ಚರಿತ್ರೆಗೆ ಇದು ಸಣ್ಣ ಲಾಭವೇನಲ್ಲ.

೫

ಹಾಗಾದರೆ ಕಣ್ಣೆದುರಿನ ಕಾಲದ ವಿಷಯದಲ್ಲಿ ರವಿಕೀರ್ತಿಯ ಮಾತು ಎಷ್ಟು ದೂರ ನಡೆಯುತ್ತದೆ? ನರ್ಮದೆಯ ತೀರದಲ್ಲಿ ಪುಲಿಕೇಶಿ ಹರ್ಷವರ್ಧನನನ್ನು ತಡೆದ ಯುದ್ಧವನ್ನೇ ತೆಗೆದುಕೊಳ್ಳೋಣ. ಹರ್ಷನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಕವಿ ಆ ಸೋಲನ್ನು ಹಾಡಿದ್ದಾನೆ. ಸಮಕಾಲೀನನ ಮಾತಾದುದರಿಂದ ಯುದ್ಧ ನಡೆದುದು ನಿಜ. ೬೩೪-೩೫ಕ್ಕಿಂತ ಮೊದಲು ನಡೆದುದೂ ನಿಜ. ಆದರೆ ಎಷ್ಟು ಮೊದಲು ಎಂಬುದನ್ನು ಶಾಸನ ಹೇಳುವುದಿಲ್ಲ. ಅದು ಕೊಡುವುದು ಈಚಿನ ಎಲ್ಲೆಯನ್ನು ಮಾತ್ರ.

ಆಚಿನ ಎಲ್ಲೆಯನ್ನು ಕುರಿತು ವಿದ್ವಾಂಸರಲ್ಲಿ ದೀರ್ಘಕಾಲ ಭಿನ್ನಾಭಿಪ್ರಾಯವಿತ್ತು. ಹರ್ಷನನ್ನು ಗೆದ್ದು ಪುಲಿಕೇಶಿ ಪರಮೇಶ್ವರನೆಂಬ ಬಿರುದನ್ನು ಪಡೆದನೆಂದು ಅವನ ವಂಶದ ಮುಂದಿನ ಶಾಸನಗಳು ಹೇಳುತ್ತವೆ. ಆ ಬಿರುದು ಶಕ ೫೩೪ರ ಹೈದರಾಬಾದು ತಾಮ್ರಶಾಸನದಲ್ಲಿಯೇ ಇರುವುದರಿಂದ ಯುದ್ಧ ೬೧೨ರ ಹೊತ್ತಿಗೆ ಮುಗಿದಿರಬೇಕೆಂಬುದು ಒಂದು ಪಕ್ಷ. ೬೩೦ರ ಲೋಹನೇರ್ ತಾಮ್ರಶಾಸನದಲ್ಲಿ ಹರ್ಷನ ಸೋಲಿನ ಮಾತಿಲ್ಲದಿರುವುದರಿಂದ ಯುದ್ಧ ಅದಕ್ಕೂ ಈಚೆಗೆ, ೬೩೦-೬೩೪ರ ನಡುವೆ ನಡೆದಿರಬೇಕೆಂಬುದು ಇನ್ನೊಂದು ಪಕ್ಷ. ೨೦೧೬ರಲ್ಲಿ ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ವಿದ್ವಾಂಸರು ಬೆಳಕಿಗೆ ತಂದ ವಿಜಾಪುರ-ಮುಂಬಯಿ ತಾಮ್ರಶಾಸನ ಈ ಚರ್ಚೆಯ ಗತಿಯನ್ನೇ ತಿರುಗಿಸಿತು. ೬೧೯ರ ಏಪ್ರಿಲ್ ೪ಕ್ಕೆ ಸರಿಹೊಂದುವ ಆ ದಾನಪತ್ರದಲ್ಲಿ ಹರ್ಷನ ಪರಾಜಯದ ಉಲ್ಲೇಖವಿದೆ. ಅದರ ಆಧಾರದಿಂದ ಯುದ್ಧ ೬೧೮-೧೯ರ ಚಳಿಗಾಲದಲ್ಲಿ ನಡೆಯಿತೆಂದು ಅವರು ನಿರ್ಣಯಿಸಿದ್ದಾರೆ.

ಇದರ ಪರಿಣಾಮವನ್ನು ನಮ್ಮ ಮೊದಲ ಪ್ರಶ್ನೆಗೆ ಅನ್ವಯಿಸಿ ನೋಡಬಹುದು. ಮೊದಲ ಪಕ್ಷದ ಪ್ರಕಾರ ನರ್ಮದೆಯ ವಿಜಯಕ್ಕೆ ೧೪೦೦ ವರ್ಷ ತುಂಬಿದುದು ೨೦೧೨ರಲ್ಲಿ. ಹೊಸ ತಾಮ್ರಶಾಸನದ ಪ್ರಕಾರ ೨೦೧೮-೧೯ರಲ್ಲಿ. ಎರಡನೆಯ ಪಕ್ಷವೇ ನಿಂತಿದ್ದರೆ ಅದು ತುಂಬುವುದು ೨೦೩೦ರ ಮೇಲೆ. ಆ ಯುದ್ಧದ ವಯಸ್ಸನ್ನು ನಾವು ಹೇಳುವಾಗಲೆಲ್ಲ ನಿಜವಾಗಿ ಹೇಳುತ್ತಿದ್ದುದು ಅಂದಿನವರೆಗೆ ದೊರೆತ ಆಧಾರದ ಬಲವನ್ನು. ಸಮಕಾಲೀನ ಕವಿಯ ಸಾಕ್ಷ್ಯವಿದ್ದೂ ಹದಿನೈದು ಇಪ್ಪತ್ತು ವರ್ಷಗಳ ಸಂದೇಹ ಒಂದೂವರೆ ಶತಮಾನದ ಸಂಶೋಧನೆಯ ಕಾಲವೆಲ್ಲ ಉಳಿದುಬಂದಿತು. ಹೀಗಿರುವಾಗ ಅದೇ ಕವಿ ತನಗಿಂತ ಮೂರು ಸಾವಿರದ ಏಳುನೂರು ವರ್ಷ ಹಿಂದಿನದೆಂದು ಹೇಳುವ ಯುದ್ಧದ ವರ್ಷವನ್ನು ಒಂದು ವರ್ಷವೂ ಹೆಚ್ಚುಕಡಮೆಯಿಲ್ಲದೆ ಕೊಟ್ಟಿದ್ದಾನೆಂದು ಹೇಗೆ ನಂಬುವುದು?

೬

ಐಹೊಳೆಯ ಶಾಸನಕ್ಕೆ ೧೪೦೦ ವರ್ಷ ತುಂಬುವ ಸಂದರ್ಭ ಹತ್ತಿರವಾಗುತ್ತಿದೆ. ೫೫೬ಕ್ಕೆ ೧೪೦೦ ಕೂಡಿದರೆ ಗತಶಕ ೧೯೫೬. ಅದು ೨೦೩೪ರ ಮಾರ್ಚ್ ತಿಂಗಳಲ್ಲಿ ಬರುವ ಯುಗಾದಿಯಿಂದ ೨೦೩೫ರ ಯುಗಾದಿಯವರೆಗೆ ನಡೆಯುತ್ತದೆ. ನಮ್ಮ ದಕ್ಷಿಣದ ಪದ್ಧತಿಯಲ್ಲಿ ಅದು ಆನಂದ ಸಂವತ್ಸರ. ಶಾಸನ ಆ ವರ್ಷದ ಯಾವ ದಿನದ್ದೆಂದು ಗೊತ್ತಿಲ್ಲವಾದುದರಿಂದ, ಸಂವತ್ಸರದೊಳಗೆ ಯಾವ ದಿನ ಉತ್ಸವ ಮಾಡಿದರೂ ದೋಷವಿಲ್ಲ. ಇಂಥದೇ ದಿನವೆಂದು ಸಾಧಿಸಹೊರಟರೆ ಮಾತ್ರ ಆಧಾರ ಕೈಕೊಡುತ್ತದೆ.

ಅಂದಿನ ಪಂಚಾಂಗ ಗತಕಲಿ ೫೧೩೫ ಎಂದು ತೋರಿಸುತ್ತದೆ. ಅದು ರವಿಕೀರ್ತಿಯ ೩೭೩೫ಕ್ಕೆ ೧೪೦೦ ಸೇರಿಸಿದ ಅಂಕೆಯೇ. ಆಗ ಭಾರತಯುದ್ಧಕ್ಕೆ ೫೧೩೫ ವರ್ಷವಾಯಿತೆಂಬುದಕ್ಕೆ ಕನ್ನಡನಾಡಿನ ಕಲ್ಲೇ ಸಾಕ್ಷಿಯೆಂಬ ಮಾತು ನಮ್ಮ ವೇದಿಕೆಗಳಿಂದಲೂ ಕೇಳಿಬಂದೀತು. ಆ ೫೧೩೫ರಲ್ಲಿ ಈಚಿನ ೧೪೦೦ ಶಾಸನದಿಂದ ಸಿದ್ಧವಾದುದು. ಉಳಿದ ೩೭೩೫ ಗಣಿತದಿಂದ ಬಂದುದು. ಈ ಎರಡನ್ನೂ ಬೆರಸಿ ಒಂದೇ ಸಂಖ್ಯೆಯಾಗಿ ಸಾರಿದರೆ, ಎರಡನೆಯದರ ಮೇಲೆ ಬೀಳುವ ಸಂದೇಹ ಮೊದಲನೆಯದನ್ನೂ ಮುಟ್ಟುತ್ತದೆ. ಪುಲಿಕೇಶಿಯ ಕಾಲವನ್ನು ಕುರಿತು ನಮಗಿರುವ ದೃಢವಾದ ಆಧಾರವನ್ನು ನಾವೇ ಸಡಿಲಿಸಿದಂತಾಗುತ್ತದೆ.

ನಾಡಿನಿಂದ ಹೊರಗೆ ನೆಲೆಸಿದ ಕನ್ನಡಿಗರಿಗೆ ಇದು ಬರಿಯ ಪಾಂಡಿತ್ಯದ ಮಾತಲ್ಲ. ನೆರೆಯವರ ಮುಂದೆ, ಅನ್ಯಭಾಷೆಯ ವಿದ್ವಾಂಸರ ನಡುವೆ, ನಮ್ಮ ಮಕ್ಕಳ ಎದುರಿನಲ್ಲಿ ನಾಡಿನ ಚರಿತ್ರೆಯನ್ನು ಹೇಳುವ ಪ್ರಸಂಗ ನಮಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಒಬ್ಬನಾದರೂ 'ಇದು ನಿಮಗೆ ಹೇಗೆ ಗೊತ್ತು' ಎಂದು ಕೇಳಿಯೇ ಕೇಳುತ್ತಾನೆ. ಅವನಿಗೆ ೧೪೦೦ರ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಬಹುದು. ೫೧೩೫ರದನ್ನು ಹಾಗೆ ತೋರಿಸಲು ಬರುವುದಿಲ್ಲ. ಮುಂಬಯಿಯ ಪತ್ರಿಕೆಯೊಂದರಲ್ಲಿ ಅಚ್ಚಾದ ಶಾಸನವೂ ಪುಣೆಯಲ್ಲಿ ಓದಿದ ತಾಮ್ರಪಟವೂ ಈ ಲೆಕ್ಕಕ್ಕೆ ಒದಗಿಬಂದಿವೆ. ನಮ್ಮಲ್ಲಿ ಅನೇಕರು ಬಾಳುತ್ತಿರುವುದು ಅದೇ ನಗರಗಳಲ್ಲಿ. ಆನಂದ ಸಂವತ್ಸರಕ್ಕೆ ಮುಂಚಿತವಾಗಿ ನಮ್ಮ ಸಂಘಗಳು ಪ್ರಕಟಿಸುವ ಪತ್ರಿಕೆ, ಫಲಕ, ಸ್ಮರಣಸಂಚಿಕೆಗಳಲ್ಲಿ 'ಗತಶಕ ೫೫೬, ಕ್ರಿ.ಶ. ೬೩೪-೩೫' ಎಂದು ಪೂರ್ತಿಯಾಗಿ ಬರೆದು, ರವಿಕೀರ್ತಿಯ ಮತ್ತೊಂದು ಸಂಖ್ಯೆಯನ್ನು 'ಶಾಸನಕಾರನ ಕಲಿಗಣನೆಯಂತೆ' ಎಂಬ ವಿಶೇಷಣದೊಡನೆ ಬೇರೆಯಾಗಿ ನಮೂದಿಸುವುದು ಯುಕ್ತವೆಂದು ಈ ಲೇಖಕನ ಸೂಚನೆ. ಕವಿ ಎರಡನ್ನೂ ಬರೆದಿದ್ದಾನಾದುದರಿಂದ ಎರಡನ್ನೂ ಉಳಿಸಿಕೊಳ್ಳಬೇಕು; ಯಾವುದು ಯಾವುದಕ್ಕೆ ಸಾಕ್ಷ್ಯವೆಂಬುದನ್ನು ಅವುಗಳ ಪಕ್ಕದಲ್ಲಿಯೇ ತಿಳಿಸಬೇಕು.